ಹೊಳೆಯ ಮೇಲೆ ಹೆಸರು ಕರೆಯಬಾರದು

ಬೆಳಕು ಇನ್ನೂ ನೀರಿಗೆ ಇಳಿದಿಲ್ಲ. ಹೊಳಲು ಎಂಬ ಊರಿನ ಆಚೆ, ತುಂಗಭದ್ರೆಯ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿದೆ. ಪಕ್ಕೀರಮ್ಮ ಹರಿಗೋಲಿನೊಳಗೆ ತಮ್ಮ ಬದಿಗೆ ಒಂದು ದುಂಡುಕಲ್ಲು ಇಟ್ಟು, ಸಾಲದೆನಿಸಿ ಅದನ್ನು ಅಂಚಿನತ್ತ ಗೇಣಷ್ಟು ಸರಿಸುತ್ತಾರೆ.

"ಕಲ್ಲು ಅದಾ ಆದ್ರೂ ಅಂಚಿಗೆ ಹೋದಷ್ಟು ಜಾಸ್ತಿ ತೂಗ್ತೈತಿ ನೋಡು."

ಎದುರು ಬದಿಗೆ ಕೂತಿರುವ ಕರಿಸಿದ್ದಪ್ಪ ದಪ್ಪ ಆಳು. ಮೂರು ದಿನದ ಹಿಂದೆ ಅವರ ತಮ್ಮ ಬೊಮ್ಮಪ್ಪ ಕುರಿಗಳ ಮೈ ತೊಳೆಯಲು ಇಳಿದವನು ಮೇಲೆ ಬಂದಿಲ್ಲ. ಮಣ್ಣು ಮಾಡಲು ದೇಹವಿಲ್ಲ. ಅದು ಸಿಗುವ ತನಕ ತಾಯಿ ಅನ್ನ ಮುಟ್ಟುವುದಿಲ್ಲ ಎಂದು ಕೂತಿದ್ದಾರೆ. ಹುಡುಕುವಾಗ ಸತ್ತವರ ಮನೆಯವರೊಬ್ಬರು ಜೊತೆಗಿರಬೇಕೆಂಬುದು ಈ ದಂಡೆಯ ಪದ್ಧತಿ.

"ಅಕ್ಕಾ, ನನಗ ಈಜು ಬರಂಗಿಲ್ಲ."

"ಈಜು ಬರೋರ ಹೆಣಾನೇ ಹೆಚ್ಚು ತಂದೀನಿ. ಸುಮ್ನ ಕೂತ್ಕೋ ತಮ್ಮಾ. ಏನ್ ಕಂಡ್ರೂ ಹೆಸರು ಕರೀಬ್ಯಾಡ."

ಐವತ್ತಾರರ ಪಕ್ಕೀರಮ್ಮ ಹಗಲಿಡೀ ಹೊಳೆಯಾಚೆಯ ಹೊಲಗಳಿಗೆ ಹೋಗುವವರನ್ನೂ ಹುಲ್ಲಿನ ಹೊರೆಗಳನ್ನೂ ದಾಟಿಸುತ್ತಾರೆ. ದಿನಕ್ಕೆ ಹನ್ನೆರಡು ಸಲ ಅತ್ತಿತ್ತ. ಹೆಣ ಹುಡುಕಲು ಹಡಗಲಿಯಿಂದ, ಹರಪನಹಳ್ಳಿಯಿಂದಲೂ ಕರೆ ಬರುತ್ತದೆ. ಹತ್ತೊಂಬತ್ತು ವರ್ಷದಲ್ಲಿ ನಲವತ್ತೊಂದು ಹೆಣ. ಮೊದಲನೆಯದು ಅವರ ಗಂಡ ಮೈಲಪ್ಪನದು. ಮುಳುಗಿದ್ದ ಯಾರದೋ ಮಗುವನ್ನು ಕಂಡು, ಅದರ ಹೆಸರು ಕೂಗುತ್ತ ಹರಿಗೋಲಿನಲ್ಲಿ ಎದ್ದು ನಿಂತಿದ್ದರಂತೆ; ಅದು ಮಗುಚಿತು.

"ಮುಳುಗಿದ ಮೈ ಮೂರನೇ ದಿನಕ್ಕ ಉಬ್ಬತೈತಿ. ತೂಕ ಅಷ್ಟಾ ಇರ್ತೈತಿ, ಜಾಗ ಹೆಚ್ಚು ಹಿಡೀತೈತಿ. ಆವಾಗ ನೀರಾ ಎತ್ತಿ ಕೊಡ್ತೈತಿ" ಎನ್ನುತ್ತಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಹರಿಗೋಲು ಮಂಜಿನೊಳಗೆ ಹೋಗುತ್ತದೆ. ದಂಡೆಯಲ್ಲಿ ನಿಂತವರಿಗೆ ಇಬ್ಬರ ತಲೆಗಳಷ್ಟೇ ಕಾಣುತ್ತವೆ, ಕೆಳಗೆ ಏನೂ ಇಲ್ಲದಂತೆ. ಮಾತು ಮಾತ್ರ ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳುತ್ತದೆ. ಮಡುವಿನ ಹತ್ತಿರ ಪಕ್ಕೀರಮ್ಮ ಹುಟ್ಟು ಎತ್ತಿ ಹಿಡಿಯುತ್ತಾರೆ. ಗಾಳಿಯಿಲ್ಲ. ಆದರೂ ಹರಿಗೋಲು ತಾನೇ ನಿಧಾನ ತಿರುಗಿ ಕರಿಸಿದ್ದಪ್ಪನ ಬದಿಯನ್ನು ಒಂದು ಕಡೆಗೆ ಒಡ್ಡುತ್ತದೆ. ಅಲ್ಲಿ, ನೀರಿನಿಂದ ಬಿಳಿ ಅಂಗಿಯ ಬೆನ್ನು ಮೇಲೇಳುತ್ತಿದೆ.

"ಬೊಮ್ಮಾ..."

ಕರಿಸಿದ್ದಪ್ಪ ಅರ್ಧ ಎದ್ದಿದ್ದಾರೆ. ಆ ಬದಿಯ ಅಂಚು ನೀರು ಕುಡಿಯುತ್ತದೆ. ಪಕ್ಕೀರಮ್ಮ ಮೈಯನ್ನು ಎದುರು ಅಂಚಿನಾಚೆಗೆ ಚೆಲ್ಲಿ, ಆಕಾಶ ನೋಡುತ್ತ, ದನಿಯೇರಿಸದೆ ಹೇಳುತ್ತಾರೆ: "ಕೂತ್ಕೋ ಲೇ. ಸತ್ತವ ಯಾರು, ಅಣ್ಣ ಯಾರು ಹೊಳಿಗೆ ಗೊತ್ತಾಗಂಗಿಲ್ಲ. ನಿಮ್ಮವ್ವ ಎಷ್ಟು ಮಂದಿಗೆ ಅಳಬೇಕು?"

ತಲೆಗಳೆರಡೂ ಅಲುಗಾಡುತ್ತವೆ. ಎಷ್ಟು ಹೊತ್ತೋ. ಕೊನೆಗೆ ಒಂದು ತಲೆ ತಗ್ಗುತ್ತದೆ. ಹರಿಗೋಲು ಸಮವಾಗುತ್ತದೆ.

ದೇಹವನ್ನು ಅವರು ಒಳಗೆ ಎತ್ತಿಕೊಳ್ಳುವುದಿಲ್ಲ. ಹಗ್ಗ ಕಟ್ಟಿ ಹಿಂದೆ ತೇಲಿಸಿ ತರುತ್ತಾರೆ. ನೀರಿನಲ್ಲಿ ಒಂದೇ ಕೈಗೆ ಬಂದ ಬೊಮ್ಮಪ್ಪನನ್ನು ದಂಡೆಗೆ ಎತ್ತಲು ನಾಲ್ಕು ಜನ ಬೇಕಾಗುತ್ತದೆ. ತಾಯಿ ಅವನ ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತಾರೆ.

ಹೆಸರು ಕರೆದರೆ ಸತ್ತವರು ಎದ್ದು ಬರುತ್ತಾರೆಂದು ಊರವರು ಹೇಳುತ್ತಾರಲ್ಲ, ಎಂದು ಇದನ್ನು ಬರೆಯಲು ಬಂದ ನಾನು ಕೇಳಿದರೆ ಪಕ್ಕೀರಮ್ಮ ಸೀರೆ ಹಿಂಡುತ್ತ ನಗುತ್ತಾರೆ.

"ಸತ್ತವ್ರು ಎಲ್ಲಿ ಏಳ್ತಾರವ್ವ. ಕರದವರಾ ಎದ್ದು ನಿಲ್ತಾರ. ನನಗ ಹೆಣದ ಪಕ್ಕೀರಿ ಅಂತಾರ, ಅನ್ಲಿ. ಹುಡುಕಾಕ ಜೀವ ಇದ್ದೋರ್ನೂ ಅಷ್ಟಾ ಮಂದಿ ಕರ್ಕೊಂಡು ಹೋಗೀನಿ. ಒಬ್ಬರ್ನೂ ಅಲ್ಲಿ ಬಿಟ್ಟು ಬಂದಿಲ್ಲ. ಬರಿಯೋದಿದ್ರ ಅದನ್ನ ಬರಿ."