ಒಂದು ವಿಳಾಸಕ್ಕೆ ನಾಲ್ಕು ಸಹಿ

೨೦೦೨. ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಪಡೆದು ಇಲ್ಲಿಗೆ ಬಂದು ನನಗೆ ಎರಡನೆಯ ವರ್ಷ. ಕಲೋನ್ ಸಮೀಪದ ಸಣ್ಣ ನಗರವೊಂದರ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಅಲ್ಲಿನ ಹಳೆಯ ಗೂಡ್ಸ್ ಯಾರ್ಡ್ ಜಾಗದಲ್ಲಿ ಪಾರ್ಕ್ ಸಿದ್ಧವಾಗುತ್ತಿತ್ತು. ಜನ ಅದಕ್ಕೆ ಹೆಸರು ಸೂಚಿಸಿ ಸಹಿ ಹಾಕಲು ನಗರಾಡಳಿತ ನಮ್ಮಿಂದ ವೆಬ್‌ಸೈಟ್ ಮಾಡಿಸಿತು. ಐನೂರು ಸಹಿ ಬಿದ್ದ ಹೆಸರು ಮಾತ್ರ ಕೌನ್ಸಿಲಿನ ಚರ್ಚೆಗೆ ಹೋಗುತ್ತಿತ್ತು.

ಒಬ್ಬರೇ ಹತ್ತು ಸಹಿ ಹಾಕುವುದನ್ನು ತಡೆಯುವುದು ನನ್ನ ಪಾಲಿನ ಕೆಲಸ. ಖಾಸಗಿ ಮಾಹಿತಿಯ ಕಾನೂನಿನಿಂದಾಗಿ ಜನ್ಮದಿನಾಂಕ ಕೇಳುವಂತಿರಲಿಲ್ಲ. ಒಂದು ವಿಳಾಸಕ್ಕೆ ಇಷ್ಟೇ ಸಹಿ ಎಂದು ಮಿತಿ ಹಾಕಲು ಯೋಚಿಸಿದೆ. ಎಷ್ಟು? ಒಂದೇ ಫ್ಲ್ಯಾಟಿನಲ್ಲಿ ನಾವು ನಾಲ್ವರು ಇದ್ದೆವು. ಚಪಾತಿ ಲಟ್ಟಿಸುತ್ತಿದ್ದ ಗದಗಿನ ಬಸೂನನ್ನು ಕೇಳಿದೆ.

“ನಾಲ್ಕ್ ಹಾಕಲೇ, ಸಾಕು. ಇಲ್ಲಿ ಮನ್ಯಾಗ ಇಬ್ರು ಇದ್ರ ಹೆಚ್ಚು. ನಾಲ್ಕ್ ಮಂದಿ ತುರುಕ್ಕೊಂಡು ಇರೂ ಹುಚ್ಚರು ನಾವ ಅಷ್ಟ.”

ನಕ್ಕು ನಾಲ್ಕು ಹಾಕಿದೆ. ನಮ್ಮ ಮ್ಯಾನೇಜರ್ ಕೆಲ್ಲರ್ ಒಪ್ಪಿದರು, ನಗರಾಡಳಿತವೂ ಲಿಖಿತ ಒಪ್ಪಿಗೆ ಕೊಟ್ಟಿತು. ಐದನೆಯವರಿಗೂ ಪರದೆಯ ಮೇಲೆ ‘ಧನ್ಯವಾದ’ ಎಂದೇ ಬರುತ್ತಿತ್ತು. ಲೆಕ್ಕಕ್ಕೆ ಮಾತ್ರ ಸೇರುತ್ತಿರಲಿಲ್ಲ.

ಫಾರ್ಮ್ ತುಂಬುವ ಬಗ್ಗೆ ನನಗೆ ಎರಡು ಬಾರಿ ಫೋನ್ ಮಾಡಿದವರು ಫ್ರಾವ್ (ಶ್ರೀಮತಿ) ಮೆನ್ಸಾ, ಘಾನಾ ಮೂಲದ ನರ್ಸ್. ಗುಲಾಮಗಿರಿಯ ವಿರುದ್ಧ ಹೋರಾಡಿದ ಸ್ವಾತಂತ್ರ್ಯ ಯೋಧರೊಬ್ಬರ ಹೆಸರು ಪಾರ್ಕಿಗಿರಲಿ ಎಂಬುದು ಅವರ ಗುಂಪಿನ ಸೂಚನೆ. ಸುತ್ತಲಿನ ಮೂರು ಬೀದಿಗಳಿಗೆ ವಸಾಹತು ಕಾಲದ ವ್ಯಾಪಾರಿಗಳ ಹೆಸರಿತ್ತು. “ಬೀದಿಗಳೆಲ್ಲ ಮನುಷ್ಯರನ್ನು ಮಾರಿದವರ ಕಡೆ. ಒಂದು ಪಾರ್ಕಾದರೂ ಮಾರಾಟವಾದವರ ಕಡೆಗಿರಲಿ” ಎಂದಿದ್ದರು.

ಆರು ವಾರ ಕಳೆದು, ಸೋಮವಾರ ಎಣಿಕೆ ಬಂತು: ಅವರಿಗೆ ೪೭೭. ತಿರಸ್ಕೃತ ಸಹಿಗಳ ಪಟ್ಟಿ ತೆರೆದೆ. ಐವತ್ತೇಳು ಸಾಲು, ಎಲ್ಲಕ್ಕೂ ಒಂದೇ ವಿಳಾಸ. ಅದು ಆಸ್ಪತ್ರೆಯ ಸಿಬ್ಬಂದಿಯ ವಸತಿಗೃಹ. ಐದು ಅಂತಸ್ತು, ಬಾಗಿಲ ಸಂಖ್ಯೆ ಒಂದೇ. ಸಹಿ ಹಾಕಿದವರು ಅರವತ್ತೊಂದು ಜನ, ಲೆಕ್ಕಕ್ಕೆ ಬಂದವರು ನಾಲ್ವರು. ಎಲ್ಲ ಸೇರಿದ್ದರೆ ೫೩೪.

ಕೆಲ್ಲರ್ ತಕ್ಷಣ ನಗರಾಡಳಿತಕ್ಕೆ ಫೋನ್ ಮಾಡಿದರು. ಗಡುವು ಮುಗಿದಿದೆ, ನಿಯಮ ಲಿಖಿತವಾಗಿ ಒಪ್ಪಿದ್ದು, ಈಗ ಬದಲಿಸಿದರೆ ಉಳಿದವರು ತಕರಾರು ಎತ್ತುತ್ತಾರೆ ಎಂಬ ಉತ್ತರ ಬಂತು. ತಪ್ಪು ನನ್ನದೆಂದು ಬರೆದುಕೊಟ್ಟೆ. ನಗರಾಡಳಿತದ ಎರಡು ಸಾಲಿನ ಮಾರೋಲೆ ಹಳೆಯ ಉತ್ತರವನ್ನೇ ಹೇಳಿತು.

ಗುರುವಾರ ಫ್ರಾವ್ ಮೆನ್ಸಾ ಕೆಲಸದ ಸಮವಸ್ತ್ರದಲ್ಲೇ ಆಫೀಸಿಗೆ ಬಂದರು. ನಡೆದದ್ದನ್ನು ನನ್ನ ಅರೆಬರೆ ಜರ್ಮನ್‌ನಲ್ಲಿ ಹೇಳಿದೆ.

“ಆ ನಾಲ್ಕರಲ್ಲಿ ನನ್ನ ಹೆಸರಿದೆಯಾ?”

ಇರಲಿಲ್ಲ. ಅವರದು ಐವತ್ತೊಂಬತ್ತನೆಯದು. ರಾತ್ರಿ ಪಾಳಿಯವರೆಲ್ಲ ಮೊದಲು ಹಾಕಲಿ ಎಂದು ಕಾದಿದ್ದರಂತೆ.

“ನಾಲ್ಕೇ ಯಾಕೆ?”

“ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೇವೆ” ಎಂದೆ. ಬೇರೆ ಕಾರಣ ಇರಲಿಲ್ಲ.

ಬಿಟ್ಟುಹೋದ ಹೆಸರುಗಳ ಪ್ರತಿಯನ್ನಾದರೂ ಕೊಡಿ ಎಂದರು ಅವರು. ಖಾಸಗಿ ಮಾಹಿತಿಯ ಕಾನೂನು ಅದಕ್ಕೂ ಅಡ್ಡಬಂತು.

ಪಾರ್ಕಿಗೆ ‘ನಾರ್ಡ್‌ಪಾರ್ಕ್’, ಅಂದರೆ ಉತ್ತರದ ಪಾರ್ಕ್, ಎಂದು ಹೆಸರಾಯಿತು. ಅದು ಊರಿನ ಉತ್ತರಕ್ಕಿದೆ, ಅಷ್ಟೆ.

ಈಗ ಪ್ರೋಗ್ರಾಮಿನಲ್ಲಿ ಯಾವ ಮಿತಿ ಹಾಕಿದರೂ, ಆ ಸಂಖ್ಯೆ ಎಲ್ಲಿಂದ ಬಂತೆಂದು ಪಕ್ಕದಲ್ಲೇ ಬರೆಯುತ್ತೇನೆ. ಅಂದು ‘ನಮ್ಮ ಮನೆಯಲ್ಲಿ ನಾಲ್ವರು’ ಎಂದು ಬರೆದಿದ್ದರೆ, ಓದಿದ ಯಾರಾದರೂ ನಕ್ಕು ತಿದ್ದುತ್ತಿದ್ದರು.