ಮಂಗಳವಾರದ ಬೇವು

ದೆವ್ವ, ಶಕುನ, ಮೈಮೇಲೆ ಬರೋದು ಅಂತೆಲ್ಲ ಯಾರಾದರೂ ಶುರು ಮಾಡಿದರೆ ಮುಖದ ಮೇಲೇ ನಕ್ಕುಬಿಡುತ್ತಿದ್ದ ಆಸಾಮಿ ನಾನು. ಹೊಸೂರಿನ ಫ್ಯಾಕ್ಟರಿಯಲ್ಲಿ ದಿನವಿಡೀ ಲೇತ್ ಮೆಷಿನ್ ಮುಂದೆ ಕಬ್ಬಿಣ ಕಡೆಯುತ್ತಾ ನಿಲ್ಲುವವನಿಗೆ ಅಳತೆಗೆ ಸಿಗದ್ದೆಲ್ಲ ಸುಳ್ಳು. ಈಗಲೂ ಪೂರ್ತಿ ನಂಬಿದ್ದೇನೆ ಅಂತಲ್ಲ. ಇದೊಂದು ಮಾತ್ರ ತಲೆಗೆ ಹತ್ತಿಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆ. ನನ್ನ ಹೆಂಡತಿ ಯಶೋದಳಿಗೆ ಎದೆಯ ಕ್ಯಾನ್ಸರಿಗೆ ಬೆಂಗಳೂರಲ್ಲಿ ಆಪರೇಷನ್ ಮಾಡಿಸಿ ಅವಲಪಲ್ಲಿಯ ಮನೆಗೆ ಕರೆತಂದಿದ್ದೆ. ಮೈಯ ಶಕ್ತಿಯನ್ನೇ ಹೀರೋ ಇಂಜೆಕ್ಷನ್ನುಗಳು ಬೇರೆ ನಡೀತಿದ್ದವು. ಅದೇ ಹೊತ್ತಿಗೆ ಸುತ್ತಲ ಊರುಗಳಲ್ಲೆಲ್ಲ ಅಮ್ಮ, ಅಂದರೆ ಸೀತಾಳೆ ಸಿಡುಬು, ಕಾಣಿಸಿಕೊಂಡಿತ್ತು. ಡಾಕ್ಟರು ಬೆರಳೆತ್ತಿ ಹೇಳಿದ್ದರು: ಮಕ್ಕಳಿಗೆ ಬಂದು ಹೋಗೋ ಸಿಡುಬೇ ಇವರ ಜೀವ ತೆಗೀಬಹುದು, ಯಾರನ್ನೂ ಹತ್ತಿರ ಬಿಡಬೇಡಿ.

ನೆಂಟರಿಗೆ ಇದನ್ನು ಹೇಳೋದು ಹೇಗೆ ಸ್ವಾಮಿ? ಕಾಯಿಲೆಯವರನ್ನು ನೋಡೋಕೆ ಬರದಿದ್ದರೆ ತಪ್ಪು, ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದರೆ ಇನ್ನೂ ದೊಡ್ಡ ತಪ್ಪು. ಅವಳನ್ನು ಕರೆತಂದ ವಾರವೇ, ಗುರುವಾರ, ನನಗೊಂದು ಉಪಾಯ ಹೊಳೀತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಬಿಟ್ಟೆ. ಮನೇಲಿ ಅಮ್ಮ ಆಗಿದೆ ಅನ್ನೋ ಗುರುತು ಅದು, ಕಂಡವರು ಹೊಸ್ತಿಲು ದಾಟಲ್ಲ. ದಾರ ಸಿಗದೆ ಹಳೇ ಸೈಕಲ್ ಟ್ಯೂಬ್ ಸೀಳಿ ಬಿಗಿದೆ.

“ತಾಯಿ ಹೆಸರಲ್ಲಿ ಸುಳ್ಳಾಡ್ತೀಯೇನ್ಲಾ?” ಅಂತ ಅವ್ವ ಬಾಯಿಗೆ ಸೆರಗು ಇಟ್ಟುಕೊಂಡಳು. ನನಗೂ ಒಳಗೊಳಗೇ ಅಳುಕು. ಜನ ಬರೋದಂತೂ ನಿಂತಿತು. ತಿಂಗಳಾದ ಮೇಲೆ ಬಿಚ್ಚಿ ತೆಗೆದೆ.

ಅದಾದ ವಾರಕ್ಕೆ ಬಾಮೈದ ಮುನಿರಾಜು ಜವಳಗಿರಿಯಿಂದ ಬಂದ. ಮುಖದ ತುಂಬ ಸಿಡುಬಿನ ಕಲೆ.

“ಅಕ್ಕನ್ನ ಆಸ್ಪತ್ರೆಯಿಂದ ಕರ್ಕೊಂಡ್ ಬಂದ ವಾರಾನೇ ಬಂದಿದ್ದೆ ಭಾವ. ಬೇವು ನೋಡಿ ಬ್ರೆಡ್ಡು ಜಗಲಿ ಮೇಲಿಟ್ಟು ಹೋಗ್ಬುಟ್ಟೆ. ಮಾರನೇ ದಿನಾನೇ ನಂಗೂ ಗುಳ್ಳೆ ಎದ್ವು,” ಅಂದ. ಆಮೇಲೆ ನಗುತ್ತಾ, “ಅಲ್ಲಾ ಭಾವ, ಬೇವು ಕಟ್ಟೋಕೆ ಸೈಕಲ್ ಟ್ಯೂಬೇ ಬೇಕಿತ್ತಾ?” ಅಂತ ರೇಗಿಸಿದ.

ನಾನೂ ನಕ್ಕೆ. ಆಮೇಲೆ ನಗು ಹಾಗೇ ನಿಂತುಹೋಯ್ತು. ಜಗಲಿ ಮೇಲೆ ಬ್ರೆಡ್ಡು ಸಿಕ್ಕಿದ್ದು ಮಂಗಳವಾರ ಸಂಜೆ, ಯಾರಿಟ್ಟರೋ ಅಂತ ನಾನೇ ಒಳಗೆ ತಂದಿದ್ದೆ. ಬೇವು ಕಟ್ಟಿದ್ದು ಅದಾಗಿ ಎರಡು ದಿನಕ್ಕೆ, ಗುರುವಾರ! ಜವಳಗಿರಿಗೆ ಹೋಗಿ ಅತ್ತೆಯನ್ನೂ ಕೇಳಿದೆ. ಬುಧವಾರವೇ ಗುಳ್ಳೆ ಎದ್ದದ್ದು, ಆಮೇಲೆ ಇಪ್ಪತ್ತು ದಿನ ಅವನು ಹಾಸಿಗೆ ಬಿಟ್ಟಿಲ್ಲ, ಮೊನ್ನೆ ನಮ್ಮಲ್ಲಿಗೆ ಬರೋವರೆಗೂ ಊರೂ ಬಿಟ್ಟಿಲ್ಲ. ಆವತ್ತು ಅವನು ಒಳಗೆ ಬಂದಿದ್ದರೆ? ಮದುವೆಯಾದ ಮೇಲೂ ಅಕ್ಕನ ತೊಡೆ ಮೇಲೆ ತಲೆ ಇಟ್ಟು ಹರಟುವವನು.

ನನಗಿಂತ ಮೊದಲೇ ಬೇರೆ ಯಾರಾದರೂ ಕಟ್ಟಿದ್ದರಾ ಅಂತ ಕೇರಿಯನ್ನೆಲ್ಲ ವಿಚಾರಿಸಿದೆ. ಯಾರೂ ಕಟ್ಟಿರಲಿಲ್ಲ. ಅವ್ವ ಆ ಮಂಗಳವಾರ ಹಿತ್ತಲಲ್ಲಿ ಬಟ್ಟೆ ಒಗೀತಿದ್ದಳಂತೆ. ಕೊನೆಗೆ ಯಶೋದಳನ್ನು ಕೇಳಿದೆ.

“ಆವತ್ತು ಅವನು ಹೊರಗೆ ಕೆಮ್ಮಿದ್ದು ಕೇಳಿಸ್ತು ಕಣ್ರೀ. ನನ್ನ ತಮ್ಮ ಅಂತ ಗೊತ್ತಾಯ್ತು. ಕೂಗ್ಲಿಲ್ಲ. ಅವನು ಒಳಗೆ ಬರದಂಗೆ ಮಾಡು ತಾಯೀ ಅಂತ ಬೇಡ್ಕೊಂಡೆ. ಬದುಕ್ಬೇಕು ಅನ್ನಿಸ್ಬುಡ್ತು,” ಅಂದು ಅತ್ತುಬಿಟ್ಟಳು.

ಆ ಬೇವು ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಶೋದ ಅದನ್ನು ಕೇಳುವುದೂ ಇಲ್ಲ. ಮುನಿರಾಜು ಬಂದಾಗಲೆಲ್ಲ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಡುತ್ತಾಳೆ, ಮುಖದ ಕಲೆ ಮಾತ್ರ ನೋಡೋಲ್ಲ.