ಕ್ಯಾಸೆಟ್ಟಿನೊಳಗಿನ ಉಸಿರು

ನಾಗಪುರದಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದವರು ಧಾರವಾಡದ ಕಡೆಯ ಒಬ್ಬ ಫ್ಯಾಕ್ಟರಿ ಸೂಪರ್‌ವೈಸರ್. ಮೈ ಎಷ್ಟು ಭಾರವೆಂದರೆ ಮಲಗಲಾಗದೆ ಕುರ್ಚಿಯಲ್ಲಿ ಕುಳಿತೇ ನಿದ್ದೆ ಮಾಡುತ್ತಿದ್ದರು. ಮುಂಬಯಿಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಯಾರು ಕೇಳಿದರೂ ಇವರು ಎರಡೂ ಕೈಯಿಂದ ಹೊಟ್ಟೆ ತಟ್ಟಿಕೊಂಡು, "ನಾ ಬರೋಬರ್ ಅದೀನ್ರಿ. ಚಲೋ ಇದ್ದ ಹೊಟ್ಟಿ ಯಾಕ ಕೊಯ್ಸಿಗೊಳ್ಳಲಿ?" ಎನ್ನುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ನಾನು ಹೋಗಿದ್ದಾಗ ಅವರ ಹೆಂಡತಿ ಕೂಲರ್ ನಿಲ್ಲಿಸಿ ಟೇಪ್ ರೆಕಾರ್ಡರ್ ಹಚ್ಚಿದರು. "ನಿಮಗ ನಿದ್ದಿ ಹತ್ತಿದಾಗ ರೆಕಾರ್ಡ್ ಮಾಡೀನಿ. ಒಮ್ಮೆ ಕೇಳ್ರಿ."

ತಮ್ಮ ಗೊರಕೆ ಕೇಳಿ ಅವರು ನಕ್ಕರು. ಗೊರಕೆ ತಟ್ಟನೆ ನಿಂತಿತು. ಕ್ಯಾಸೆಟ್ ತಿರುಗುತ್ತಲೇ ಇತ್ತು. ಅದರೊಳಗೆ ದೂರದಲ್ಲೆಲ್ಲೋ ನಾಯಿ ಬೊಗಳಿತು, ಪಾತ್ರೆಯ ಸದ್ದಾಯಿತು. ಉಸಿರು ಮಾತ್ರ ಇರಲಿಲ್ಲ. ಅವರು ಕುರ್ಚಿಯ ಕೈ ಬಿಗಿಹಿಡಿದು ಮುಂದೆ ಬಾಗಿ, ತಮ್ಮ ಉಸಿರಿಗಾಗಿ ತಾವೇ ಕಾದರು. ಕೊನೆಗೆ, ಮುಳುಗಿದವನು ನೀರಿನಿಂದ ತಲೆಯೆತ್ತಿದಂತೆ, ಟೇಪಿನೊಳಗಿನ ಮನುಷ್ಯ ಒಮ್ಮೆಲೇ ಉಸಿರೆಳೆದುಕೊಂಡ.

"ಹಿಂಗ ದಿನಾ ಆಗ್ತೈತೇನು?" ಎಂದು ಹೆಂಡತಿಯನ್ನು ಕೇಳಿದರು.

"ದಿನಾ ಆಗ್ತೈತ್ರಿ. ನಾ ಕುಂತು ಕಾಯ್ತಿರ್ತೀನಿ."

ಅವರು ಕೈಚಾಚಿ ಟೇಪ್ ನಿಲ್ಲಿಸಿದರು. ಆಮೇಲೆ, "ಮುಂಬೈ ಟಿಕೆಟ್ ತಗಸು," ಎಂದರು. "ಅಲ್ಲೀತನಕ ನನಗ ನಿದ್ದಿ ಮಾಡಗೊಡಬ್ಯಾಡ."